ಜೇಡ ಹೊತ್ತವಳು

ದೊಡ್ಡ ಬಂಡೆಯೊಂದರ ಬುಡದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಮಾತಾಡುವ ಮೊದಲು ಎಲ್ಲರೂ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು, ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸುತ್ತಿದ್ದರು, ಆಮೇಲೆ ಮೆಲ್ಲಗೆ ಮಾತು ಬಿಡುತ್ತಿದ್ದರು. ತಾಯಿ ಮಗುವನ್ನು ಊಟಕ್ಕೆ ಕರೆಯುವುದೂ ಹಾಗೆ, ಗಂಡ ಹೆಂಡತಿ ಜಗಳ ಕಾಯುವುದೂ ಹಾಗೆ, ಸತ್ತವರಿಗಾಗಿ ಅಳುವುದೂ ಹಾಗೆ. ಅದು ಅಲ್ಲಿಯ ಕಟ್ಟಳೆ. ಯಾಕೆಂದರೆ ಆ ಬಂಡೆಯ ಮೈಗೆ ಹತ್ತಿದ ಹಸಿ ಪಾಚಿಯಲ್ಲಿ ಲೋಕದ ಎಲ್ಲ ಜೇಡಗಳಿಗಿಂತ ಸಣ್ಣ ಜೇಡಗಳು ವಾಸವಾಗಿದ್ದವು.

ಎಷ್ಟು ಸಣ್ಣವೆಂದರೆ, ಒಂದು ರಾಗಿಕಾಳಿನ ಮೇಲೆ ಅವುಗಳ ಒಂದು ಸಂಸಾರವೇ ಕೂತು ಇನ್ನೂ ಜಾಗ ಉಳಿಯುತ್ತಿತ್ತು. ಮೈ ಅಷ್ಟು ಸಣ್ಣದಾದ್ದರಿಂದ ಅವುಗಳ ಬುದ್ಧಿ ತಲೆಯೊಳಗೆ ಹಿಡಿಸದೆ ಕಾಲುಗಳಿಗೂ ಇಳಿದಿದೆ, ಅದಕ್ಕೇ ಅವು ನಡೆದಲ್ಲೆಲ್ಲ ಯೋಚನೆ ಮಾಡಿಕೊಂಡೇ ನಡೆಯುತ್ತವೆ ಎಂದು ಊರಿನವರು ಹೇಳುತ್ತಿದ್ದರು. ಅವು ನೇಯುವ ಬಲೆ ಕಿರುಬೆರಳಿನ ಉಗುರಿನಷ್ಟು. ಎದುರಿಗೆ ನಿಂತು ಯಾರಾದರೂ ಜೋರಾಗಿ ಒಂದು ಮಾತಾಡಿದರೆ ಸಾಕು, ಬಲೆ ಹರಿದು ಪಾಚಿಗೆ ಅಂಟಿಕೊಳ್ಳುತ್ತಿತ್ತು.

ದಿನಾ ಬೆಳಿಗ್ಗೆ ಬಿಸಿಲು ಓರೆಯಾಗಿ ಬಂಡೆಗೆ ಬೀಳುತ್ತಿತ್ತು. ಆಗ ಇಬ್ಬನಿ ಹಿಡಿದ ಬಲೆಗಳು ಸ್ವಲ್ಪ ಹೊತ್ತು ಹೊಳೆಯುತ್ತಿದ್ದವು. ಊರೆಲ್ಲ ಬಂಡೆಯ ಮುಂದೆ ಬಂದು ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಬಿಸಿಲು ಸರಿದ ಮೇಲೆ ಎಲ್ಲರೂ ಮುಖ ತಿರುಗಿಸಿ ಉಸಿರು ಬಿಟ್ಟು ತಂತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಬಲೆ ಕಂಡವರು ಬಹಳ ಜನ. ಜೇಡವನ್ನೇ ಕಂಡವರು ಕಡಿಮೆ. ಕಂಡವರು ಅದನ್ನು ಹೇಳಿಕೊಂಡು ತಿರುಗುತ್ತಿರಲಿಲ್ಲ. ಕಾಣದವರನ್ನು ಯಾರೂ ಕೀಳಾಗಿ ನೋಡುತ್ತಲೂ ಇರಲಿಲ್ಲ.

ಆ ಊರಿನಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕನದು ಬಂಡೆಗೆ ನೀರು ಹನಿಸುವ ಕೆಲಸ. ಹೊಳೆಯಿಂದ ನೀರು ತಂದು, ಹುಲ್ಲಿನ ಕುಂಚವನ್ನು ಅದರಲ್ಲಿ ಅದ್ದಿ, ಮಂಡಿಯೂರಿ ಕೂತು, ಪಾಚಿ ಒಣಗದ ಹಾಗೆ ಹನಿ ಹನಿಯಾಗಿ ಚಿಮುಕಿಸಬೇಕು. ಬಂಡೆಯ ಈ ಕೊನೆಯಿಂದ ಆ ಕೊನೆಗೆ ಹೋಗುವಷ್ಟರಲ್ಲಿ ಈ ಕೊನೆ ಒಣಗಿರುತ್ತಿತ್ತು. ಹೀಗೆ ಹೋಗಿ ಬಂದು ಅವಳ ಬೆನ್ನು ಬಾಗಿತ್ತು, ಮಂಡಿ ಕಾಯಿಗಟ್ಟಿತ್ತು, ಬೆರಳುಗಳು ಸದಾ ನೆಂದು ಬಿಳಿಚಿಕೊಂಡಿದ್ದವು. ಹೆತ್ತವರು ಸತ್ತಾಗ ತಂಗಿ ಇನ್ನೂ ತೆವಳುವ ಕೂಸು. ಅವಳನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕ ನೀರು ಹನಿಸಿದ್ದಳು. ಮದುವೆಯ ಮಾತು ಬಂದಾಗ, ಇದೊಂದು ದೊಡ್ಡದಾಗಲಿ ಎಂದು ಮುಂದೂಡಿದ್ದಳು. ಮುಂದೂಡಿದ್ದು ಅಲ್ಲಿಗೇ ಉಳಿಯಿತು.

ತಂಗಿ ಬೆಳೆದು ಚೆಂದದ ಹೆಂಗಸಾದಳು. ಅವಳ ನಡಿಗೆ ಒಂದಿಷ್ಟೂ ಅಲುಗದ ನಡಿಗೆ. ತುಂಬಿದ ಕೊಡ ಹೊತ್ತು ಏರು ಹತ್ತಿದರೂ ನೀರು ತುಳುಕುತ್ತಿರಲಿಲ್ಲ. ಅದನ್ನು ನೋಡಿಯೇ ಊರ ಹಿರಿಯ ಅವಳನ್ನು ಬಯಲಿಗೆ ಹೊರುವವಳೆಂದು ಆರಿಸಿದ್ದು.

ಬಯಲು ಎಂದರೆ ಎಲ್ಲ ಊರುಗಳೂ ಸೇರುವ ಜಾಗ. ಒಂದು ತಲೆಮಾರಿಗೆ ಒಂದೋ ಎರಡೋ ಸಲ ಅಲ್ಲಿ ಕೂಟ ನಡೆಯುತ್ತಿತ್ತು. ಪ್ರತಿ ಊರೂ ತನ್ನಲ್ಲಿ ಮಾತ್ರ ಇರುವ ಒಂದು ಜೀವವನ್ನು ಹೊತ್ತು ತರಬೇಕು, ನೆರೆದವರಿಗೆ ತೋರಿಸಬೇಕು. ತೋರಿಸಿದ ಮೇಲೆ ಡಂಗುರದವನು ಆ ಊರಿನ ಹೆಸರನ್ನು ಕೂಗುತ್ತಿದ್ದ. ಹೆಸರು ಕೂಗಿಸಿಕೊಂಡ ಊರಿಗೆ ಜನ ಹೆಣ್ಣು ಕೊಡುತ್ತಿದ್ದರು, ಉಪ್ಪು ತರುತ್ತಿದ್ದರು, ಕಷ್ಟಕ್ಕೆ ಬರುತ್ತಿದ್ದರು. ಕೂಗಿಸಿಕೊಳ್ಳದ ಊರನ್ನು ಮರೆತುಬಿಡುತ್ತಿದ್ದರು.

ಹಿರಿಯ ಬಂಡೆಯ ಬುಡದಿಂದ ಪಾಚಿ ಹತ್ತಿದ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಬಿದಿರಿನ ಪೆಟ್ಟಿಗೆಯಲ್ಲಿಟ್ಟ. ಅದರ ಮೇಲೆ ಒಂದು ಬಲೆಯಿತ್ತು. "ಅಲುಗಿಸದೆ ಹೋಗು. ನೋಡೋಕೆ ಬಂದವರಿಗೆ ಉಸಿರು ಹಿಡಿಯೋಕೆ ಹೇಳು. ನಮ್ಮ ಹಿಂದಿನವರೂ ಅಷ್ಟೇ ಮಾಡಿದ್ದು," ಎಂದ. ದಾರಿಯಲ್ಲಿ ಪಾಚಿಗೆ ನೀರು ಹನಿಸಲು ಅಕ್ಕ ಜೊತೆಗೆ ಹೊರಟಳು.

ದಾರಿಯ ಛತ್ರವೊಂದರಲ್ಲಿ ಹೋರಿಯ ಊರಿನವರು ಬೀಡುಬಿಟ್ಟಿದ್ದರು. ಅವರ ಹೋರಿ ಅಂಗಳದ ತುಂಬ ನಿಂತಿತ್ತು. ಅಕ್ಕ ಒಲೆಗೆ ಬೆಂಕಿ ಕೇಳಲು ಹೋದಳು. ಬಾಯಿಗೆ ಅಂಗೈ ಅಡ್ಡ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, "ಒಂದು ಕೆಂಡ ಕೊಡ್ತೀರಾ?" ಎಂದಳು.

"ಯಾಕಮ್ಮ ಬಾಯಿ ಮುಚ್ಕೊಂಡಿದ್ದೀಯ? ನಾವೇನು ಹೊಡೀತೀವಾ?" ಎಂದ ಒಬ್ಬ. ಕೂತಿದ್ದವರು ನಕ್ಕರು. ಕೆಟ್ಟ ನಗುವಲ್ಲ, ಹೊಟ್ಟೆ ತುಂಬಿದವರ ನಗು. "ಎಲ್ಲೋ ಕದ್ದು ಓಡಿ ಬಂದಿರಬೇಕು ಬಿಡಪ್ಪ, ಕೊಡು ಕೆಂಡ," ಎಂದ ಇನ್ನೊಬ್ಬ.

ಅಕ್ಕನಿಗೆ ಅವರು ಯಾಕೆ ನಕ್ಕರೆಂದು ತಿಳಿಯಲಿಲ್ಲ. ತಾನೂ ಸ್ವಲ್ಪ ನಕ್ಕು ಕೆಂಡ ತಂದಳು. ಆದರೆ ಹೊರುವವಳಿಗೆ ತಿಳಿಯಿತು. ಹುಟ್ಟಿದಾಗಿನಿಂದ ನೋಡಿದ್ದ ಅಕ್ಕನನ್ನು ಅವಳು ಆ ಸಂಜೆ ಬೇರೆಯವರ ಕಣ್ಣಿನಿಂದ ನೋಡಿದಳು. ಬಾಗಿದ ಬೆನ್ನು, ಕಾಯಿಗಟ್ಟಿದ ಮಂಡಿ, ಬಾಯಿಯ ಮೇಲೆ ಕೈ. ಅವಳ ಕೆನ್ನೆ ಕಾದುಹೋಯಿತು. ಅಂದಿನಿಂದ ಹೊರುವವಳು ಮಾತಾಡುವಾಗ ಕೈ ಎತ್ತಲಿಲ್ಲ. ಅಕ್ಕ ಅದನ್ನು ನೋಡಿದಳು.

ಬಯಲು ಜನದಿಂದ ತುಂಬಿತ್ತು. ನಡುವೆ ಎತ್ತರದ ಕಟ್ಟೆ. ಹಿಂದಿನವರ ಕಾಲದಲ್ಲಿ ಕಟ್ಟೆ ಇರಲಿಲ್ಲವಂತೆ, ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರಂತೆ. ಈಗ ಎಲ್ಲರೂ ದೂರದಲ್ಲಿ ಕೂತು ಕಟ್ಟೆಯ ಕಡೆಗೆ ಮುಖವೆತ್ತಿದ್ದರು. ಹದ್ದಿನ ಊರಿನವರ ಹದ್ದು ರೆಕ್ಕೆ ಬಿಚ್ಚಿದಾಗ ಮುಂದಿನ ಸಾಲಿನವರ ಪೇಟ ಹಾರಿತು. ಹೆಬ್ಬಾವಿನ ಊರಿನವರು ಹೆಬ್ಬಾವನ್ನು ಸಾಲಾಗಿ ನಿಂತು ಹೊತ್ತು ತಂದರು, ಮೊದಲನೆಯವನು ಕಟ್ಟೆ ಹತ್ತಿದಾಗ ಕೊನೆಯವನು ಇನ್ನೂ ಬಯಲಿನ ಅಂಚಿನಲ್ಲಿದ್ದ. ಪ್ರತಿ ಸಲವೂ ಜನ ಹೋ ಎಂದರು. ಹೊರುವವಳು ಬಿದಿರಿನ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಸೆರಗು ಮುಚ್ಚಿದಳು.

ಪಕ್ಕದಲ್ಲಿ ಹೋರಿಯ ಊರಿನ ಹೆಂಗಸು ಬಂದು ಕೂತಳು. ದೊಡ್ಡ ದನಿ, ಧಾರಾಳದ ಕೈ. ತನ್ನ ಬುತ್ತಿಯ ರೊಟ್ಟಿ ಮುರಿದು ಇವಳಿಗೂ ಕೊಟ್ಟಳು.

"ನಿಮ್ಮೂರಿಂದ ಏನಮ್ಮ ತಂದಿದ್ದೀರಿ?"

"ಜೇಡ."

"ಜೇಡ ನಮ್ಮ ಕೊಟ್ಟಿಗೆಯಲ್ಲೂ ಇದೆಯಲ್ಲ. ನಿಮ್ಮದು ಅಷ್ಟು ದೊಡ್ಡದಾ?"

ಎಲ್ಲಕ್ಕಿಂತ ಸಣ್ಣದು ಎಂದು ಹೇಳಲು ಅವಳು ಬಾಯಿ ತೆರೆದಳು. ಹಿಂದೆ ಕಟ್ಟಿದ್ದ ಹೋರಿಯ ನೆರಳು ಇಬ್ಬರ ಮೇಲೂ ಬಿದ್ದಿತ್ತು.

"ಹೌದು," ಎಂದಳು. "ದೊಡ್ಡದು."

"ಎಷ್ಟಿದೆ?"

ಹೊರುವವಳು ಅಂಗೈ ಅಗಲಿಸಿ ಬೆರಳು ಚಾಚಿ ತೋರಿಸಿದಳು. ಆ ಹೆಂಗಸು ತಲೆದೂಗಿದಳು. ಆಮೇಲೆ ಕತ್ತು ತಿರುಗಿಸಿ, "ಆ ಹಿಂದೆ ನಿಂತಿದ್ದಾಳಲ್ಲ, ಬಾಯಿ ಮುಚ್ಚಿಕೊಂಡು, ಅವಳು ಯಾರು? ನಿಮ್ಮವಳಾ?" ಎಂದಳು.

"ಅವಳಾ? ನೀರು ಹೊರೋಕೆ ಬಂದವಳು."

ಅದು ಪೂರಾ ಸುಳ್ಳೂ ಅಲ್ಲ ಎಂದು ಅವಳು ತನಗೇ ಹೇಳಿಕೊಳ್ಳುವಷ್ಟರಲ್ಲಿ, ಅಕ್ಕ ಚೊಂಬು ಹಿಡಿದು ಹತ್ತಿರ ಬಂದಿದ್ದಳು. ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದಳು, ಮುಖ ಪಕ್ಕಕ್ಕೆ ತಿರುಗಿಸಿದಳು.

"ನೀರು ತಂದಿದ್ದೀನಿ, ಅಮ್ಮಾವ್ರೆ. ಕುಡೀತೀರಾ?"

ಹೊರುವವಳು ಚೊಂಬು ತೆಗೆದುಕೊಂಡಳು. ಹೋರಿಯ ಊರಿನವಳು ನೋಡುತ್ತಿದ್ದಳು. ಹೊರುವವಳು ನೀರು ಕುಡಿದಳು, ಚೊಂಬನ್ನು ವಾಪಸು ಕೊಟ್ಟಳು.

ಮಾರನೆಯ ಬೆಳಿಗ್ಗೆ ಬಂಡೆಯ ಊರಿನ ಸರದಿ. ಬಯಲಿನಾಚೆ ಒಂದು ಪೊದೆಸಾಲು. ಅಲ್ಲಿ ಹಳದಿ ಪಟ್ಟೆಯ ದೊಡ್ಡ ಜೇಡವೊಂದು ಬಲೆಯ ನಡುವೆ ಕಾಲು ಚಾಚಿ ಕೂತಿತ್ತು. ಕಾಲುಗಳನ್ನು ಲೆಕ್ಕಕ್ಕೆ ಹಿಡಿದರೆ ಅಂಗೈಯಷ್ಟು. ಹೊರುವವಳು ಪಾಚಿಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ನೆಲದ ಮೇಲಿಟ್ಟಳು. ಸೆರಗನ್ನು ಕೈಗೆ ಸುತ್ತಿಕೊಂಡು ಆ ಜೇಡವನ್ನು ಪೆಟ್ಟಿಗೆಗೆ ತಳ್ಳಿ ಮುಚ್ಚಳ ಹಾಕಿದಳು. ಹಿಂತಿರುಗಿದರೆ ಅಕ್ಕ ನಿಂತಿದ್ದಳು.

"ಅಕ್ಕ, ಇದೊಂದು ಸಲ," ಎಂದಳು.

ಅಕ್ಕ ಕಲ್ಲನ್ನು ಎತ್ತಿಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. "ಆಗಲಿ, ಅಮ್ಮಾವ್ರೆ," ಎಂದಳು. ಸುತ್ತ ಯಾರೂ ಇರಲಿಲ್ಲ.

ಕಟ್ಟೆಯ ಮೇಲೆ ಹೊರುವವಳು ಮುಚ್ಚಳ ತೆರೆದಳು. ಜೇಡ ಅವಳ ತೋಳಿನ ಮೇಲೆ ಹತ್ತಿತು. ಹಳದಿ ಪಟ್ಟೆ ಬಿಸಿಲಿಗೆ ಮಿಂಚಿತು. ಹೆಂಗಸರು ಕಿರುಚಿದರು, ಗಂಡಸರು ಎದ್ದು ನಿಂತರು. ಡಂಗುರದವನು ಬಂಡೆಯ ಊರಿನ ಹೆಸರನ್ನು ಕೂಗಿದ. ನೆರೆದವರೆಲ್ಲ ಅದನ್ನು ಮತ್ತೆ ಕೂಗಿದರು. ಆ ಹೆಸರನ್ನು ಅವಳು ಹುಟ್ಟಿದಾಗಿನಿಂದ ಪಿಸುಮಾತಿನಲ್ಲೇ ಕೇಳಿದ್ದಳು. ಅಷ್ಟು ಜೋರಾಗಿ ಕೂಗಿದಾಗ ಅದು ಯಾವುದೋ ಬೇರೆ ಊರಿನ ಹೆಸರಿನಂತೆ ಕೇಳಿಸಿತು. ಅವಳ ಹೆಗಲಿಗೆ ಕೆಂಪು ಶಾಲು ಹೊದಿಸಿದರು.

ಹಿಂತಿರುಗುವ ದಾರಿಯಲ್ಲಿ ಅವಳು ಅಕ್ಕನಿಗೆ, "ಹಾಗೆ ಕರೀಬೇಡ ನನ್ನ. ಇಲ್ಲಿ ಯಾರಿದ್ದಾರೆ ಕೇಳೋಕೆ?" ಎಂದಳು.

"ಇನ್ನು ಮೇಲೆ ಊರಿಗೆ ಜನ ಬರ್ತಾರೆ," ಎಂದಳು ಅಕ್ಕ. "ಅವರ ಮುಂದೆ ನನ್ನ ಬಾಯಿ ತಪ್ಪಿದರೆ ನಿಮಗೆ ಅವಮಾನ. ಈಗಿನಿಂದಲೇ ರೂಢಿ ಆಗಲಿ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಹೊರುವವಳು ಜಗಳ ಆಡಬಹುದಿತ್ತು.

ಊರಿಗೆ ಬಂದು ಅಕ್ಕ ಕಲ್ಲನ್ನು ಬಂಡೆಯ ಬುಡದಲ್ಲಿ ಅದರ ಜಾಗದಲ್ಲೇ ಇಟ್ಟಳು. ಬಲೆ ದಾರಿಯಲ್ಲೆಲ್ಲೋ ಹರಿದುಹೋಗಿತ್ತು. ಜನ ಹೊರುವವಳನ್ನು ಸುತ್ತುವರಿದು, ಬಾಯಿಗೆ ಕೈ ಅಡ್ಡ ಹಿಡಿದು, "ಅಷ್ಟು ಜನಕ್ಕೂ ಕಾಣಿಸಿತಾ?" ಎಂದು ಕೇಳಿದರು.

"ಕಾಣಿಸಿತು."

"ಎಲ್ಲರೂ ಉಸಿರು ಹಿಡಿದರಾ?"

"ಹಿಡಿದರು."

ಮುದುಕರು ಕಣ್ಣೊರೆಸಿಕೊಂಡರು. ಅವಳು ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಅಕ್ಕ ಹೇಳಿದಂತೆಯೇ ಜನ ಬಂದರು. ಗಾಡಿ ಕಟ್ಟಿಕೊಂಡು ಬಂದರು, ಹಳದಿ ಪಟ್ಟೆಯ ದೊಡ್ಡ ಜೇಡ ಎಲ್ಲಿ ಎಂದು ಕೇಳಿದರು. ಹಿರಿಯನಿಗೆ ಏನೂ ಅರ್ಥವಾಗಲಿಲ್ಲ. ಅವನು ಹೊರುವವಳನ್ನು ಪಕ್ಕಕ್ಕೆ ಕರೆದು ಕೇಳಿದ. ಅವಳು ಇದ್ದದ್ದನ್ನು ಹೇಳಿದಳು. ಬೈಯುತ್ತಾನೆ, ಶಾಲು ಕಿತ್ತುಕೊಳ್ಳುತ್ತಾನೆ ಎಂದುಕೊಂಡಿದ್ದಳು. ಹಾಗಾದರೆ ಒಳ್ಳೆಯದು ಎಂದೂ ಅನ್ನಿಸಿತ್ತು. ಹಿರಿಯ ಅಂಗಳದಲ್ಲಿ ನಿಂತ ಗಾಡಿಗಳನ್ನು ನೋಡಿದ.

"ಬಂದವರ ಮುಂದೆ ಊರಿನ ಮಾನ ಹೋಗಬಾರದು," ಎಂದ. ಹಾಗೆ ಹೇಳುವಾಗ ಅವನ ಕೈ ಬಾಯಿಯವರೆಗೆ ಬಂದು ಅರ್ಧದಲ್ಲೇ ಕೆಳಗಿಳಿಯಿತು.

ಗಂಡಸರು ಕಾಡಿಗೆ ಹೋಗಿ ದೊಡ್ಡ ಜೇಡಗಳನ್ನು ಹಿಡಿದು ತಂದರು, ಬಂಡೆಯ ಮೇಲೆ ಬಿಟ್ಟರು. ಬಂದವರು ಬಂಡೆಯ ಮುಂದೆ ನಿಂತು ಹೋ ಎಂದು ಕೂಗಿದರು. ಮೊದಮೊದಲು ಊರಿನವರು ಕಿವಿ ಮುಚ್ಚಿಕೊಂಡರು. ಆಮೇಲೆ ಅತಿಥಿಗಳಿಗೆ ಕೇಳಿಸಲಿ ಎಂದು ತಾವೂ ಸ್ವಲ್ಪ ದನಿ ಎತ್ತಿದರು. ಆಮೇಲೆ ಬಾಯಿಯಿಂದ ಕೈ ತೆಗೆದರು. ಕೈ ತೆಗೆದವರಿಗೆ ಇನ್ನೂ ಕೈ ಹಿಡಿದವರನ್ನು ಕಂಡರೆ ಮುಜುಗರ. ಬೆಳಿಗ್ಗೆ ಬಂಡೆಯ ಮುಂದೆ ನಿಲ್ಲಲು ಬರುವವರು ಕಡಿಮೆಯಾದರು, ಕೊನೆಗೆ ಯಾರೂ ಬರಲಿಲ್ಲ. ಅಕ್ಕ ಮಾತ್ರ ಮಂಡಿಯೂರಿ ಈ ಕೊನೆಯಿಂದ ಆ ಕೊನೆಗೆ ಹೋಗುತ್ತಿದ್ದಳು.

ಒಂದು ದಿನ ಹಿರಿಯ ಹೊರುವವಳ ಮನೆಗೆ ಬಂದ. "ಅತಿಥಿಗಳು ಕೇಳ್ತಾರೆ, ಆ ಮುದುಕಿ ಯಾಕೆ ನೆಲದ ಮೇಲೆ ಹರಿದಾಡ್ತಾಳೆ ಅಂತ. ಜನ ಇರೋವಾಗ ಅವಳು ಒಳಗಿದ್ದರೆ ಚೆನ್ನ. ನೀನೇ ಹೇಳು. ನಿನ್ನ ಮಾತು ಕೇಳ್ತಾಳೆ."

ಅವಳೇ ಹೇಳಿದಳು. ಅಕ್ಕ ಹಿತ್ತಿಲಿನಲ್ಲಿ ಹುಲ್ಲಿನ ಕುಂಚ ಕಟ್ಟುತ್ತಿದ್ದಳು. "ಆಗಲಿ, ಅಮ್ಮಾವ್ರೆ. ಬೆಳಕು ಹರಿಯೋ ಮೊದಲು ನೀರು ಹಾಕಿ ಬಂದುಬಿಡ್ತೀನಿ," ಎಂದಳು. ಆಮೇಲೆ ಹಿತ್ತಿಲ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊರುವವಳು ಆ ಬಾಗಿಲಿನ ಮುಂದೆ ನಿಂತೇ ಇದ್ದಳು. ಒಳಗೆ ಹೋಗಲು ಮುಖವಿರಲಿಲ್ಲ. ಹೊರಗೆ ಗಾಡಿಗಳು ಬಂದ ಸದ್ದು ಕೇಳಿ, ಶಾಲು ಹೊದ್ದು ಬಂಡೆಯ ಹತ್ತಿರ ಹೋದಳು. ಅತಿಥಿಗಳಿಗೆ ಜೇಡ ತೋರಿಸುವುದು ಅವಳದೇ ಕೆಲಸವಾಗಿತ್ತು.

ಅವತ್ತು ಬಂದವರಲ್ಲಿ ಹೋರಿಯ ಊರಿನ ಆ ಹೆಂಗಸೂ ಇದ್ದಳು. ಅವಳು ದೂರದಿಂದಲೇ ಕೈ ಬೀಸಿದಳು. ಅವರ ಹಿಂದೆ ಕೋಲೂರಿಕೊಂಡು ಒಬ್ಬ ಅಜ್ಜ ಬಂದ, ಹದ್ದಿನ ಊರಿನವನು. ಮುಂಗೈಯಲ್ಲಿ ಹಳೆಯ ಉಗುರುಗೀರುಗಳ ಗುರುತು. ಎಲ್ಲರೂ ಹಳದಿ ಪಟ್ಟೆಯ ಜೇಡ ನೋಡುತ್ತಿದ್ದರೆ ಅವನು ಮಾತ್ರ ಬಂಡೆಯ ಇನ್ನೊಂದು ಕೊನೆಗೆ ಹೋಗಿ, ಕೋಲು ಕೆಳಗಿಟ್ಟು, ಮಂಡಿಯೂರಿದ. ಬಾಯಿಗೆ ಅಂಗೈ ಅಡ್ಡ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿದ. ಅತಿಥಿಗಳು ನಕ್ಕರು. ಊರಿನವರೂ ನಕ್ಕರು.

ಹೊರುವವಳು ಅವನ ಹತ್ತಿರ ಹೋದಳು. "ಏನಜ್ಜ, ಏನು ಹುಡುಕ್ತಿದ್ದೀರಿ? ಜೇಡ ಆ ಕಡೆ ಇದೆ."

"ಅದಲ್ಲ ತಾಯಿ. ಆ ಸಣ್ಣವು ಎಲ್ಲಿ?"

ಅವಳು ಹಿಂತಿರುಗಿ ಅತಿಥಿಗಳ ಕಡೆ ನೋಡಿದಳು.

"ವಯಸ್ಸಿನಲ್ಲಿ ನಾನು ಬಯಲಿಗೆ ನಮ್ಮ ಹದ್ದು ಹೊತ್ತಿದ್ದೆ," ಎಂದ ಅಜ್ಜ. "ಮುಂಗೈ ಮೇಲೆ ಹದ್ದು ಕೂತಿದ್ದರೆ ಎಷ್ಟು ಗರ್ವ ಇರುತ್ತೆ ಗೊತ್ತಾ? ಆಗ ನಿಮ್ಮೂರಿಂದ ಬಂದವನೊಬ್ಬ ನನ್ನ ತೋಳು ಹಿಡಿದು, ಉಸಿರು ಹಿಡಿ, ಬಗ್ಗಿ ನೋಡು ಅಂದ. ನೋಡಿದೆ. ಒಂದು ಚುಕ್ಕಿ. ಅದು ನಡೀತಿತ್ತು. ತನ್ನ ಮನೆ ಕಟ್ಟಿಕೊಳ್ತಿತ್ತು. ಆವತ್ತು ನನ್ನೊಳಗೆ ಏನೋ ಸುಮ್ಮನಾಯಿತು, ತಾಯಿ. ಸಾಯೋ ಮೊದಲು ಇನ್ನೊಂದು ಸಲ ನೋಡೋಣ ಅಂತ ಬಂದೆ."

ಅತಿಥಿಗಳು ಕಿವಿಗೊಟ್ಟಿದ್ದರು. ಹೋರಿಯ ಊರಿನವಳು ಹತ್ತಿರ ಬಂದಿದ್ದಳು. ಹಿರಿಯ ದೂರದಿಂದ ಹೊರುವವಳ ಮುಖವನ್ನೇ ನೋಡುತ್ತಿದ್ದ.

"ಅಂಥ ಜೇಡ ನಮ್ಮೂರಲ್ಲಿ ಇಲ್ಲ ಅಜ್ಜ," ಎಂದಳು ಅವಳು. "ಯಾವತ್ತೂ ಇರಲಿಲ್ಲ."

ಅಜ್ಜ ಅವಳನ್ನು ನೋಡಿದ. ಆಮೇಲೆ ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದ.

"ಹಾಗಾದರೆ ಕನಸಿರಬೇಕು," ಎಂದ. "ಹೆಂಡತಿಗೆ ಹೇಳಿದ್ದೆ, ಮಕ್ಕಳಿಗೆ ಹೇಳಿದ್ದೆ. ಇಷ್ಟು ಕಾಲ ಅವರಿಗೆಲ್ಲ ಸುಳ್ಳು ಹೇಳಿದ ಹಾಗಾಯಿತಲ್ಲ." ಅವನ ಮುಖ ಕೆಂಪೇರಿತು. ಯಾರ ಕಣ್ಣನ್ನೂ ನೋಡದೆ, ಕೋಲು ಹುಡುಕಿಕೊಂಡು, ಬಂದ ದಾರಿಯಲ್ಲೇ ಹೊರಟ.

ಅವನ ಮುಖದ ಮೇಲೆ ಇದ್ದದ್ದು ನಾಚಿಕೆ. ಹೊರುವವಳಿಗೆ ಅದರ ಗುರುತು ಸಿಕ್ಕಿತು, ತನ್ನದೇ ಸೀರೆಯನ್ನು ಬೇರೆ ಯಾರೋ ಉಟ್ಟು ಹೋಗುವುದನ್ನು ಕಂಡಂತೆ. ಅದು ಅವಳದು. ಅವಳು ಹೊರಲಾರದೆ ಒಬ್ಬ ಮುದುಕನ ಮೇಲೆ ಹೊರಿಸಿ ಕಳಿಸಿದ್ದಳು.

ಅತಿಥಿಗಳು ಏನೋ ಕೇಳುತ್ತಿದ್ದರು. ಅವಳಿಗೆ ಕೇಳಿಸಲಿಲ್ಲ. ಅಜ್ಜ ಊರ ಹೊರಗಿನ ತಿರುವು ದಾಟಿದ್ದ. ಅವಳು ಓಡಿದಳು. ಶಾಲು ಎಲ್ಲಿ ಬಿತ್ತೋ ತಿಳಿಯಲಿಲ್ಲ. ಅವನ ಮುಂದೆ ಹೋಗಿ ದಾರಿಗೆ ಅಡ್ಡ ನಿಂತಳು.

"ಅಜ್ಜ, ಇತ್ತು. ನೀವು ನೋಡಿದ್ದು ನಿಜ."

"ಮತ್ತೆ ಇಲ್ಲ ಅಂದೆಯಲ್ಲ?"

"ನಾಚಿಕೆಯಾಯಿತು ಅಜ್ಜ. ಅಷ್ಟು ಸಣ್ಣದು ಅಂತ ಹೇಳೋಕೆ ನಾಚಿಕೆಯಾಯಿತು."

ಅವಳು ಅವನ ಕೋಲಿನ ತುದಿ ಹಿಡಿದು ಊರೊಳಗೆ ಕರೆತಂದಳು. ಎಲ್ಲರೂ ನೋಡುತ್ತಿದ್ದಂತೆ ಮನೆಯ ಹಿತ್ತಿಲಿಗೆ ಹೋದಳು, ಆ ಬಾಗಿಲು ತೆರೆದಳು, ಅಕ್ಕನ ಕೈ ಹಿಡಿದು ಹೊರಗೆ ತಂದಳು. ಬಂಡೆಯ ಮುಂದೆ ನಿಲ್ಲಿಸಿ ಅವಳ ಪಾದದ ಹತ್ತಿರ ಮಂಡಿಯೂರಿ ಕೂತಳು.

"ಇವಳು ನನ್ನ ಅಕ್ಕ," ಎಂದಳು. "ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಬಯಲಿನಲ್ಲಿ ನಾನು ತೋರಿಸಿದ್ದು ದಾರಿಬದಿಯ ಜೇಡ. ನಮ್ಮದು ಅದಲ್ಲ."

ಹೋರಿಯ ಊರಿನವಳು ಮುಂದೆ ಬಂದಳು. ಅವಳ ದೊಡ್ಡ ದನಿ ಈಗ ಇಳಿದಿತ್ತು.

"ಸಣ್ಣದು ಅಂತ ಹೇಳಿದ್ದರೆ ನಾನು ಬಗ್ಗಿ ನೋಡ್ತಿರಲಿಲ್ಲ ಅಂತ ಯಾಕಮ್ಮ ಅಂದ್ಕೊಂಡೆ?" ಎಂದಳು. "ನನ್ನ ರೊಟ್ಟಿ ತಿಂದೆಯಲ್ಲ. ಅಷ್ಟೂ ಗೊತ್ತಾಗಲಿಲ್ಲವಾ ನಾನು ಎಂಥವಳು ಅಂತ?"

ಅಕ್ಕ ಬಗ್ಗಿ ತಂಗಿಯ ತೋಳು ಹಿಡಿದೆತ್ತಿದಳು. "ಏಳು, ನೆಲ ಒರಟು, ಮಂಡಿ ತರಚುತ್ತೆ ನಿಂಗೆ," ಎಂದಳು. ಆಮೇಲೆ ಅಜ್ಜನ ಕಡೆ ತಿರುಗಿ, "ಬನ್ನಿ, ಆ ಮೂಲೆಯಲ್ಲಿ ಪಾಚಿ ಇನ್ನೂ ಹಸಿ ಇದೆ," ಎಂದಳು.

ಮೂವರೂ ಮಂಡಿಯೂರಿದರು. ಅಜ್ಜ ಬಹಳ ಹೊತ್ತು ನೋಡಿ ತಲೆಯಾಡಿಸಿದ. "ನನ್ನ ಕಣ್ಣು ಮಂಜಾಗಿದೆ ತಾಯಿ, ನನಗೆ ಕಾಣೋದಿಲ್ಲ. ನೀನು ನೋಡಿ ಹೇಳು. ನೀನು ಹೇಳಿದರೆ ಸಾಕು."

ಹೊರುವವಳು ಉಸಿರು ಬಿಗಿಹಿಡಿದು ಬಗ್ಗಿದಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಊರೆಲ್ಲ ಬಯಲಿಗೆ ಕಳಿಸಿದ ಜೀವವನ್ನು ಅವಳು ಹೊತ್ತಿದ್ದಳೇ ಹೊರತು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಪಾಚಿಯ ಹಸಿರನ್ನು ನೋಡಿದಳು. ನೀರಿನ ಹನಿಯನ್ನು ನೋಡಿದಳು. ಕಲ್ಲಿನ ಬಿರುಕನ್ನು ನೋಡಿದಳು. ಹಿಂದೆ ಊರು ನಿಂತಿತ್ತು, ಅತಿಥಿಗಳು ನಿಂತಿದ್ದರು. ಪಕ್ಕದಲ್ಲಿ ಅಜ್ಜನ ಉಸಿರು ನಿಂತಿತ್ತು. ಇದೆ ಎಂದರೆ ಸಾಕು, ಅವನು ಸುಖವಾಗಿ ಮನೆಗೆ ಹೋಗುತ್ತಾನೆ. ಅದು ಒಳ್ಳೆಯ ಮಾತೂ ಆಗುತ್ತಿತ್ತು.

"ಕಾಣಲಿಲ್ಲ ಅಜ್ಜ," ಎಂದಳು.

ಅವಳಿಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಮೆಲ್ಲಗೆ, "ನನಗೂ ಬಹಳ ದಿನದಿಂದ ಕಂಡಿಲ್ಲ," ಎಂದಳು. "ಮತ್ತೆ ನೀರು ಯಾಕೆ ಹಾಕ್ತಿದ್ದೆ?" ಎಂದು ಹಿರಿಯ ಹಿಂದಿನಿಂದ ಕೇಳಿದ. "ಪಾಚಿಗೆ ಬಾಯಾರುತ್ತಲ್ಲ," ಎಂದಳು ಅಕ್ಕ.

ಅತಿಥಿಗಳು ಗಾಡಿ ಹತ್ತಿ ಹೋದರು, ಮತ್ತೆ ಬರಲಿಲ್ಲ. ಗಂಡಸರು ದೊಡ್ಡ ಜೇಡಗಳನ್ನು ಕಾಡಿಗೆ ಬಿಟ್ಟು ಬಂದರು. ಜೋರು ಮಾತಿನ ರುಚಿ ಹತ್ತಿದ ಕೆಲವರು ಊರು ಬಿಟ್ಟು ಬೇರೆ ಕಡೆ ಹೋದರು. ಉಳಿದವರ ಕೈ ಒಂದೊಂದಾಗಿ ಬಾಯಿಗೆ ಬಂತು. ಆದರೆ ಅದು ಮೊದಲಿನ ಹಾಗೆ ತಾನಾಗಿ ಬರುತ್ತಿರಲಿಲ್ಲ, ಪ್ರತಿ ಸಲ ನೆನಪು ಮಾಡಿಕೊಂಡು ಎತ್ತಬೇಕಾಗುತ್ತಿತ್ತು. ಅಜ್ಜ ಕೆಲವು ದಿನ ಅಲ್ಲೇ ಉಳಿದ. ದಿನಾ ಬಂಡೆಯ ಮುಂದೆ ಕೂತ. ಆಮೇಲೆ ಅವನ ಮಕ್ಕಳು ಹುಡುಕಿಕೊಂಡು ಬಂದು ಕರೆದೊಯ್ದರು. ಹೋಗುವಾಗ, "ಕಂಡರೆ ಹೇಳಿಕಳಿಸು," ಎಂದ.

ಹೊರುವವಳು ಅಕ್ಕನ ಜೊತೆ ಬಂಡೆಯ ಕೆಲಸಕ್ಕೆ ನಿಂತಳು. ದಾರಿಯಲ್ಲಿ ಜನ ಸಿಕ್ಕಿದರೆ ತಲೆ ತಗ್ಗಿಸುತ್ತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಅವರಲ್ಲಿ ಯಾರಿಗೂ ಬೈಯುವ ಮುಖ ಉಳಿದಿರಲಿಲ್ಲ. ಮಳೆಗಾಲ ಬಂತು, ಹೋಯಿತು. ಇಬ್ಬನಿಯ ಕಾಲ ಬಂತು. ಒಂದು ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ, ಪಾಚಿಯ ಸಂದಿನಲ್ಲಿ ಉಗುರಿನಷ್ಟು ಏನೋ ಹೊಳೆಯಿತು. ಅವಳು ಉಸಿರು ಬಿಗಿಹಿಡಿದಳು. ಬಲೆಯ ಅಂಚಿನಲ್ಲಿ ಒಂದು ಚುಕ್ಕಿ. ಅದು ನಡೆಯುತ್ತಿತ್ತು. ಒಂದೊಂದು ಹೆಜ್ಜೆಗೂ ನಿಂತು, ಏನನ್ನೋ ಯೋಚಿಸಿ, ಮತ್ತೆ ನಡೆಯುತ್ತಿತ್ತು. ಅದಕ್ಕೆ ಬಯಲು ಗೊತ್ತಿರಲಿಲ್ಲ, ಕೆಂಪು ಶಾಲು ಗೊತ್ತಿರಲಿಲ್ಲ, ಅವಳು ಯಾರೆಂದೂ ಗೊತ್ತಿರಲಿಲ್ಲ.

ಅಕ್ಕನನ್ನು ಕರೆದು ತೋರಿಸಿದಳು. ಅಕ್ಕ ನೋಡಿ, "ಹೋಗಿ ಹೇಳಿ ಬಾ," ಎಂದಳು.

ಅವಳು ಒಬ್ಬಳೇ ಹೊರಟಳು. ಕೈಯಲ್ಲಿ ಪೆಟ್ಟಿಗೆಯಿರಲಿಲ್ಲ. ದಾರಿಯ ಊರುಗಳಲ್ಲಿ ಅವಳ ಕಥೆ ಎಲ್ಲರಿಗೂ ಗೊತ್ತಿತ್ತು. ಸುಳ್ಳು ಜೇಡದವಳು ಬಂದಳು ಎಂದು ಜಗಲಿಗಳಲ್ಲಿ ಕೂತವರು ಅನ್ನುತ್ತಿದ್ದರು. "ಈ ಸಲ ಏನು ಹೊತ್ತಿದ್ದೀಯ?" ಎಂದು ಒಬ್ಬ ಕೇಳಿದ. "ಏನೂ ಇಲ್ಲ, ಒಬ್ಬರಿಗೆ ಒಂದು ಮಾತು ಹೇಳಬೇಕು," ಎಂದು ಬಾಯಿಗೆ ಅಂಗೈ ಅಡ್ಡ ಹಿಡಿದು ಹೇಳಿ ಮುಂದೆ ನಡೆದಳು. ಹಿಂದಿನಿಂದ ನಗು ಕೇಳಿಸಿತು. ಕಿವಿ ಬಿಸಿಯಾಯಿತು. ನಡೆಯುತ್ತಲೇ ಇದ್ದಳು.

ಹದ್ದಿನ ಊರು ಗುಡ್ಡದ ನೆತ್ತಿಯಲ್ಲಿತ್ತು. ಅಜ್ಜ ತನ್ನ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕಣ್ಣು ಇನ್ನಷ್ಟು ಮಂಜಾಗಿತ್ತು. ಅವಳು ಅಂಗಳದಲ್ಲಿ ನಿಂತು, ತಾನು ಯಾರೆಂದು ಹೇಳಿ, "ಕಂಡಿತು ಅಜ್ಜ," ಎಂದಳು. "ಚುಕ್ಕಿಯಷ್ಟು. ನಡೀತಿತ್ತು. ಮನೆ ಕಟ್ಟಿಕೊಳ್ತಿತ್ತು."

ಅಜ್ಜ ಅವಳ ದನಿ ಬಂದ ಕಡೆ ಮುಖವೆತ್ತಿದ.

"ನಾನು ಸಮಾಧಾನವಾಗಿ ಸಾಯಲಿ ಅಂತ ಹೇಳ್ತಿಲ್ಲ ತಾನೆ?" ಎಂದ.

ಆ ಪ್ರಶ್ನೆ ಕೇಳುವ ಹಕ್ಕು ಅವನಿಗೆ ಕೊಟ್ಟವಳು ಅವಳೇ. ಅದಕ್ಕೆ ಸಾಕ್ಷಿ ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಆಣೆ ಹಾಕೋಣವೆಂದರೆ ಅವಳ ಆಣೆಗೆ ಬೆಲೆಯಿರಲಿಲ್ಲ.

"ಇಲ್ಲ ಅಜ್ಜ," ಎಂದಳು. ಅಷ್ಟೇ ಹೇಳಿ ತಲೆ ತಗ್ಗಿಸಿ ನಿಂತಳು.

ಅವನು ನಂಬಿದನೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅಜ್ಜ ಕಂಬಳಿಯನ್ನು ಒಟ್ಟುಮಾಡಿಕೊಂಡು ಜಗಲಿಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದ, ಅವಳು ಕೂರುವಷ್ಟು ಜಾಗ ಬಿಟ್ಟ.